ದೊಡ್ಡಾಯಿಗೆ ಕಂಪ್ಯೂಟರ್ ಹೊಂದಿಸಿದ್ದು

ನನ್ನ ದೊಡ್ಡಾಯಿಗೆ, ಅಂದರೆ ಅಮ್ಮನ ಅಕ್ಕನಿಗೆ, ಈಗ 69 ವರ್ಷ. ಸಾಗರದ ಹತ್ತಿರ ಹಳ್ಳಿಯಲ್ಲಿದ್ದಾರೆ. ಮದುವೆ, ಉಪನಯನ, ಆರತಿಯ ಹಾಡುಗಳನ್ನು ನಾಲ್ಕು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಅದರಲ್ಲಿ ಒಂದಕ್ಕೆ ಗೆದ್ದಲು ಹಿಡಿಯಿತು. ಆಮೇಲೆ ಅವರೇ ಕೇಳಿದರು: "ತಮಾ, ಇದ್ನೆಲ್ಲ ಕಂಪ್ಯೂಟರಲ್ಲಿ ಬರ್ದು ಇಡ್ಲಾಗ್ತಾ?"

ಫೋನಿನಲ್ಲಿ ವಾಟ್ಸಾಪ್ ನೋಡುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಲ್ಯಾಪ್‌ಟಾಪ್ ಕೊಡಿಸು ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಅದರಲ್ಲಿ ಪರದೆ, ಕೀಬೋರ್ಡ್ ಎರಡೂ ಅಂಟಿಕೊಂಡಿರುತ್ತವೆ. ಕಣ್ಣಿಗೆ ಸರಿಯಾದರೆ ಕೈಗೆ ಸರಿಯಾಗುವುದಿಲ್ಲ. ಡೆಸ್ಕ್‌ಟಾಪ್ ಆದರೆ ಎರಡನ್ನೂ ಬೇಕಾದಲ್ಲಿ ಇಡಬಹುದು.

ಕೈಯಲ್ಲಿದ್ದದ್ದು 35 ಸಾವಿರ. ಹೊಸ ಸಿಪಿಯು ತೆಗೆದುಕೊಂಡಿದ್ದರೆ ಅದಕ್ಕೇ ಜಾಸ್ತಿ ದುಡ್ಡು ಹೋಗುತ್ತಿತ್ತು. ಹಾಡು ಬರೆಯುವವರಿಗೆ ಅಷ್ಟು ಶಕ್ತಿಯ ಯಂತ್ರ ಯಾಕೆ? ದುಡ್ಡು ಕಣ್ಣು, ಕೈ ಮುಟ್ಟುವ ಸಾಮಾನಿಗೆ ಹೋಗಲಿ ಎಂದುಕೊಂಡೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಆಫೀಸಿನಲ್ಲಿ ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್ ಎಂಬ ಸಿಪಿಯು ಒಂದನ್ನು 15 ಸಾವಿರಕ್ಕೆ ತಂದೆ. 8 ಜಿಬಿ ರ‍್ಯಾಮ್, ಫೈಲ್ ಬೇಗ ತೆರೆದುಕೊಳ್ಳುವ 256 ಜಿಬಿ ಎಸ್‌ಎಸ್‌ಡಿ. ಇಲ್ಲಿ ಒಂದನ್ನು ನೋಡಲೇಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಅದರಿಂದ ಈಚಿನ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳು, ಇರಬೇಕು. ಬರೀ 'ಐ5' ಎಂದರೆ ಸಾಲದು, ಅದರ ಮುಂದಿನ ಸಂಖ್ಯೆ ಕೇಳಿ. ಐ5-8500 ಅಂದರೆ 8ನೇ ತಲೆಮಾರು. 4570 ಅಂದರೆ 4ನೆಯದು, ಅದು ಬೇಡ. ಎಸ್‌ಎಸ್‌ಡಿ ವಿಷಯದಲ್ಲೂ ಚೌಕಾಸಿ ಬೇಡ. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಒತ್ತಿದ ಮೇಲೆ ಸುಮಾರು ಹೊತ್ತು ಕಾಯಬೇಕು. ಹೊಸದಾಗಿ ಕಲಿಯುವವರು ತಾವೇ ಏನೋ ತಪ್ಪು ಮಾಡಿದೆವು ಎಂದು ಮತ್ತೆ ಮತ್ತೆ ಒತ್ತುತ್ತಾರೆ.

ಮಾನಿಟರ್, ಮೌಸ್, ಕೀಬೋರ್ಡ್ ತೆಗೆದುಕೊಳ್ಳಲು ದೊಡ್ಡಾಯಿಯನ್ನೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಐದಾರು ಮೌಸ್‌ಗಳ ಮೇಲೆ ಕೈ ಇಟ್ಟು ನೋಡಿದರು. ಚಂದದ ಚಿಕ್ಕ ಮೌಸ್‌ಗಳೆಲ್ಲ ಬೆರಳಿನ ಗಂಟಿಗೆ ನೋವು. ಕೊನೆಗೆ ದಪ್ಪ ಬೆನ್ನಿನ, ವೈರ್ ಇರುವ ಮೌಸ್ ಒಪ್ಪಿಗೆಯಾಯಿತು. ವೈರ್ ಇಲ್ಲದ್ದನ್ನು ನಾನೇ ಬೇಡ ಎಂದೆ. ಸೆಲ್ ಮುಗಿದ ದಿನ ಕಂಪ್ಯೂಟರೇ ಕೆಟ್ಟಿತು ಎಂದು ಗಾಬರಿಯಾಗುತ್ತಾರೆ. ಮಾನಿಟರ್ 24 ಇಂಚಿನದು. ಅಕ್ಷರದ ಅಳತೆಯನ್ನು 150 ಪರ್ಸೆಂಟಿಗೆ ಏರಿಸಿದೆ.

ನಾನು ಎಡವಿದ್ದು ಮಾನಿಟರ್ ಇಡುವುದರಲ್ಲಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು ಎಂದು ಎಲ್ಲ ಕಡೆ ಹೇಳುತ್ತಾರಲ್ವಾ, ಹಾಗೇ ಇಟ್ಟು ಬಂದೆ. ನಾಲ್ಕೇ ದಿನಕ್ಕೆ ಫೋನ್ ಬಂತು: "ಕುತ್ಗೆ ನೋವು ತಮಾ. ಸರಿ ಕಾಣ್ತೂ ಇಲ್ಲೆ." ಹೋಗಿ ಪಕ್ಕದಲ್ಲಿ ಕೂತು ನೋಡಿದೆ. ಅವರದು ಬೈಫೋಕಲ್ ಕನ್ನಡಕ. ಹತ್ತಿರದ್ದನ್ನು ನೋಡುವ ಗಾಜು ಕೆಳಗಿದೆ. ಅದರಲ್ಲಿ ಪರದೆ ನೋಡಲು ಗಲ್ಲ ಮೇಲೆತ್ತಿ, ಕತ್ತು ಹಿಂದೆ ಬಾಗಿಸಿ ಕೂರುತ್ತಿದ್ದರು. ಪಾಪ, ನಾಲ್ಕು ದಿನ ಹಾಗೇ ಟೈಪ್ ಮಾಡಿದ್ದಾರೆ. ಮಾನಿಟರನ್ನು ಪೂರ್ತಿ ಕೆಳಗಿಳಿಸಿ ಸ್ವಲ್ಪ ಹಿಂದಕ್ಕೆ ವಾಲಿಸಿದೆ. ಆಮೇಲೆ ಕಣ್ಣಿಂದ ಪರದೆಗೆ ನೂಲು ಹಿಡಿದು ಅಳೆದೆ. 60 ಸೆಂಟಿಮೀಟರ್ ಬಂತು. ಕಣ್ಣಿನ ಡಾಕ್ಟರಿಗೆ ಆ ಅಳತೆ ಹೇಳಿ, ಅಷ್ಟು ದೂರಕ್ಕೆ ಮಾತ್ರ ಸರಿಯಾಗುವ ಒಂದೇ ಗಾಜಿನ ಕನ್ನಡಕ ಮಾಡಿಸಿದೆವು. ಇಡೀ ಖರ್ಚಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಕನ್ನಡಕ. ಕಂಪ್ಯೂಟರ್ ಕೊಳ್ಳುವ ಮೊದಲೇ ಅದನ್ನು ಮಾಡಿಸಬೇಕಿತ್ತು.

ಡಬಲ್ ಕ್ಲಿಕ್ ಅವರಿಗೆ ಬರಲೇ ಇಲ್ಲ. ಎರಡನೇ ಸಲ ಒತ್ತುವಾಗ ಮೌಸ್ ಸರಿದುಬಿಡುತ್ತಿತ್ತು. ಅದನ್ನು ಕಲಿಸುವ ಹಟ ಬಿಟ್ಟೆ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಒಂದೇ ಕ್ಲಿಕ್ಕಿಗೆ ಫೈಲ್ ತೆರೆಯುವಂತೆ ಮಾಡಬಹುದು, ಹಾಗೆ ಮಾಡಿದೆ.

ಕನ್ನಡ ಟೈಪ್ ಮಾಡಲು ನುಡಿ ಎಂಬ ತಂತ್ರಾಂಶ ಹಾಕಿದೆ. ಅದರಲ್ಲಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಹೊಸಬರಿಗೆ ಸುಲಭ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಿದರಾಯಿತು. ಎ, ಎಮ್, ಎಫ್, ಎಮ್ ಒತ್ತಿ 'ಅಮ್ಮ' ಬಂದಾಗ ದೊಡ್ಡಾಯಿ ಮೊದಲ ಸಲ ನಕ್ಕರು. ಅಂಗಡಿಯಲ್ಲಿ ಸಿಕ್ಕ ಕನ್ನಡ ಸ್ಟಿಕರ್ ಇನ್‌ಸ್ಕ್ರಿಪ್ಟ್ ಎಂಬ ಬೇರೆ ಕೀಲಿಮಣೆ ವಿನ್ಯಾಸದ್ದು, ಇದಕ್ಕೆ ಹೊಂದಲಿಲ್ಲ. ನಾನೇ ದಪ್ಪ ಅಕ್ಷರದಲ್ಲಿ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಇನ್ನೊಂದು ಮಾತು: ಮೊದಲ ದಿನವೇ ಯೂನಿಕೋಡ್, ಅಂದರೆ ಬೇರೆ ಫೋನ್, ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಅಕ್ಷರ ವ್ಯವಸ್ಥೆ, ಆರಿಸಿಕೊಡಿ. ಹಳೆಯ ನುಡಿ ಫಾಂಟಿನಲ್ಲಿ ಬರೆದರೆ ಮಗಳ ಫೋನಿಗೆ ಕಳಿಸಿದಾಗ ಬರೀ ಗೀಚು ಕಾಣುತ್ತದೆ.

ಕರೆಂಟಿನ ಮಾತು ಹೇಳದಿದ್ದರೆ ಮಲೆನಾಡಿನವರು ಒಪ್ಪುವುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇತ್ತು. ಆದರೂ ಕರೆಂಟ್ ಹೋದಾಗೆಲ್ಲ ಕಂಪ್ಯೂಟರ್ ಆಫ್ ಆಗುತ್ತಿತ್ತು. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇತ್ತು. ಅದನ್ನು ಹಾಕಿದ ಮೇಲೆ ಆ ಕಾಟ ತಪ್ಪಿತು. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡುತ್ತಾರೆ. ಇಂಟರ್‌ನೆಟ್ ಪೆಟ್ಟಿಗೆಯ ಪ್ಲಗ್ಗನ್ನೂ ಕೀಳಲು ಹೇಳಿದ್ದೇನೆ.

ಇಲ್ಲಿಯವರೆಗೆ 23 ಹಾಡು ಟೈಪ್ ಆಗಿವೆ. ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಮಗಳ ಮನೆಯಲ್ಲೂ ಇಟ್ಟಿದ್ದಾರೆ. ಈಗ ಕಾಗದದ ಮೇಲೆ ಬೇಕಂತೆ, ಆರತಿಗೆ ಬಂದವರಿಗೆ ಕೊಡಲು. ಇಂಕ್ ಪ್ರಿಂಟರ್ ತಿಂಗಳುಗಟ್ಟಲೆ ಸುಮ್ನೆ ಬಿದ್ದಿದ್ದರೆ ಇಂಕ್ ಒಣಗಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಕಪ್ಪು-ಬಿಳುಪಿನ ಚಿಕ್ಕ ಲೇಸರ್ ಪ್ರಿಂಟರ್ ಹುಡುಕುತ್ತಿದ್ದೇನೆ. ಈ ಸಲವೂ ದೊಡ್ಡಾಯಿಯನ್ನು ಕರೆದುಕೊಂಡೇ ಅಂಗಡಿಗೆ ಹೋಗುವುದು.