ಒಂದು ಮಳೆಗಾಲ ಕಳೆಯಲಿ

ನನ್ನ ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಹೊಸ ಫೋನ್ ಬಿಡುಗಡೆಯಾದ ರಾತ್ರಿ ಕಂಪನಿಯವರು ಹೇಳಿದ್ದನ್ನೆಲ್ಲ ಎಡಗಡೆ ಪುಟದಲ್ಲಿ ಬರೆಯುತ್ತೇನೆ. ಅದೇ ಫೋನ್ ನಮ್ಮೂರಲ್ಲಿ ಒಂದು ಮಳೆಗಾಲ ಕಳೆದ ಮೇಲೆ ಹೇಗಿದೆ ಅಂತ ಬಲಗಡೆ ಬರೆಯುತ್ತೇನೆ. ನಮ್ಮೂರು ಉಡುಪಿ ಹತ್ತಿರದ ಮಲ್ಪೆ. ಮನೆಯಿಂದ ಕಡಲಿಗೆ ಏಳೆಂಟು ನಿಮಿಷದ ನಡಿಗೆ. ಗಾಳಿಯಲ್ಲೇ ಉಪ್ಪು. ಕಿಟಕಿ ಸರಳು, ಗೇಟಿನ ಬೀಗ, ಸೈಕಲ್ ಚೈನು, ಯಾವುದನ್ನೂ ತುಕ್ಕು ಬಿಡುವುದಿಲ್ಲ. ಫೋನನ್ನು ಮಾತ್ರ ಬಿಟ್ಟೀತಾ?

ಬಿಡುಗಡೆ ಕಾರ್ಯಕ್ರಮ ನೋಡುವುದೆಂದರೆ ನನಗೆ ರಾತ್ರಿ ಯಕ್ಷಗಾನದ ಆಟಕ್ಕೆ ಹೋದಷ್ಟೇ ಖುಷಿ. ಶುರುವಾದದ್ದು 2007ರಲ್ಲಿ, ಉಡುಪಿಯಲ್ಲಿ ಡಿಗ್ರಿ ಓದುತ್ತಿದ್ದಾಗ. ಆ ವರ್ಷ ಜನವರಿ 9ರಂದು ಸ್ಟೀವ್ ಜಾಬ್ಸ್ ಮೊದಲ ಐಫೋನ್ ತೋರಿಸಿದರು. ಕೆಲವು ದಿನ ಬಿಟ್ಟು ಆ ವಿಡಿಯೋವನ್ನು ಸೈಬರ್ ಕೆಫೆಯಲ್ಲಿ ನೋಡಿದೆ. ನಿಂತು ನಿಂತು ಬರುತ್ತಿತ್ತು. ಅವರು ಬೆರಳಿನಿಂದ ಹಾಡಿನ ಪಟ್ಟಿಯನ್ನು ಮೇಲಕ್ಕೆ ತಳ್ಳಿದಾಗ ಅದು ಸರ್ರನೆ ಓಡಿ, ನಿಧಾನವಾಗಿ ನಿಂತಿತು. ಥಟ್ಟನೆ ನಿಲ್ಲಲಿಲ್ಲ. ತಿರುಗಿಸಿಬಿಟ್ಟ ಬುಗುರಿ ಸುಸ್ತಾಗಿ ನಿಂತ ಹಾಗೆ. ಅದು ನಿಲ್ಲುವ ರೀತಿಯನ್ನೂ ಯಾರೋ ಕೂತು ಯೋಚಿಸಿದ್ದಾರಲ್ಲ ಅಂತ ಅನ್ನಿಸಿತು. ಅಂಥ ಯೋಚನೆ ಎಲ್ಲೆಲ್ಲಿ ಕಾಣುತ್ತೆ ಅಂತ ಹುಡುಕುತ್ತಲೇ ಇದ್ದೇನೆ, ಇವತ್ತಿಗೂ.

ನೋಟ್‌ಬುಕ್ ಹುಟ್ಟಿದ್ದು ಮಾತ್ರ ಒಂದು ನಷ್ಟದಿಂದ. ಒಂದು ವರ್ಷ ಮೇ ತಿಂಗಳಲ್ಲಿ, ಮೊದಲ ದಿನದ ಮಾರಾಟದಲ್ಲೇ ಒಂದು ಫೋನ್ ತಗೊಂಡೆ. ಎರಡು ತಿಂಗಳ ಉಳಿತಾಯ ಅದಕ್ಕೇ ಹೋಯಿತು. ಜೂನ್, ಜುಲೈ ಚೆನ್ನಾಗಿಯೇ ಕಳೆಯಿತು. ಆಗಸ್ಟ್‌ನಲ್ಲಿ ಚಾರ್ಜ್ ನಿಂತಿತು. ವೈರನ್ನು ಒಂದು ಬದಿಗೆ ಒತ್ತಿ ಹಿಡಿದರೆ ಮಾತ್ರ ಹತ್ತುತ್ತಿತ್ತು. ಸರ್ವಿಸ್ ಸೆಂಟರ್ ಹುಡುಗ ಭೂತಗನ್ನಡಿ ಕೊಟ್ಟು ನೋಡಿ ಅಂದ. ಪೋರ್ಟಿನ, ಅಂದರೆ ಚಾರ್ಜರ್ ಚುಚ್ಚುವ ಕಿಂಡಿಯ ಒಳಗೆ, ಸಾಲಾಗಿದ್ದ ಪಿನ್ನುಗಳ ಬುಡದಲ್ಲಿ, ಹಸಿರು ಕಿಲುಬು. ಅಜ್ಜಿಯ ತಾಮ್ರದ ಹಂಡೆಯ ಅಂಚಲ್ಲಿ ಹಿಡಿಯುತ್ತಿತ್ತಲ್ಲ, ಅದೇ. ಆಮೇಲೆ ಸಿಮ್ ಟ್ರೇ ಎಳೆದು ಒಳಗಿನ ಚುಕ್ಕೆ ತೋರಿಸಿದ. ಬಿಳಿ ಇರಬೇಕಾದ್ದು ಕೆಂಪಾಗಿತ್ತು. ನೀರು ತಾಗಿದರೆ ಬಣ್ಣ ಬದಲಾಗುವ ಗುರುತು ಅದು. ವಾರಂಟಿ ಸಿಗಲಿಲ್ಲ. ನಾನು ಒಂದು ದಿನವೂ ಅದನ್ನು ನೀರಿಗೆ ಹಾಕಿರಲಿಲ್ಲ. ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಬಸ್ಸಿಗೆ ಓಡಿದ್ದೆ, ಅಷ್ಟೇ.

ಅವತ್ತು ರಾತ್ರಿ ಅಪ್ಪನ ಹಳೆಯ ನೋಕಿಯಾ 1100 ಕೈಗೆತ್ತಿಕೊಂಡೆ. ಅಪ್ಪ ಮಲ್ಪೆ ಬಂದರಿನಲ್ಲಿ ಐಸಿನ ಲೆಕ್ಕ ಬರೆಯುತ್ತಿದ್ದರು. ಕೈ ಯಾವಾಗಲೂ ಒದ್ದೆ. ಫೋನಿಗೆ ಐಸಿನ ನೀರು, ಮೀನಿನ ನೀರು, ಬೆವರು ಎಲ್ಲ ತಾಗಿದೆ. ಆದರೂ ಅದು ವರ್ಷಗಟ್ಟಲೆ ನಡೆಯಿತು. ಹತ್ತಿರದಿಂದ ನೋಡಿದಾಗಲೇ ಕಾರಣ ಗೊತ್ತಾದದ್ದು. ಕೀಪ್ಯಾಡ್ ಪೂರ್ತಿ ಒಂದೇ ರಬ್ಬರ್ ಹಾಳೆ, ಗುಂಡಿಗಳ ನಡುವೆ ಸಂದೇ ಇಲ್ಲ. ಧೂಳು ಒಳಗೆ ಹೋಗಬಾರದು ಅಂತ ಹಾಗೆ ಮಾಡಿದ್ದು. ಸೆಕೆಗೆ ಕೈ ಬೆವರಿದರೂ ಜಾರಬಾರದು ಅಂತ ಎರಡೂ ಬದಿಗೆ ತರಿತರಿ ರಬ್ಬರ್. ಕರೆಂಟ್ ಹೋದರೆ ಬೇಕಾಗುತ್ತೆ ಅಂತ ಟಾರ್ಚ್. 2003ರಲ್ಲಿ ಬಂದ ಆ ಫೋನ್ ಲೋಕದಲ್ಲಿ 25 ಕೋಟಿಗೂ ಜಾಸ್ತಿ ಮಾರಾಟವಾಯಿತು. ನಮ್ಮಂಥ ಊರಿನ ಸೆಕೆ, ಧೂಳು, ಕತ್ತಲೆ ಅದನ್ನು ಮಾಡಿದವರ ತಲೆಯಲ್ಲಿ ಇತ್ತು. ಈಗಿನ ಬಿಡುಗಡೆಗಳಲ್ಲಿ ನಾನು ಮೊದಲು ಹುಡುಕುವುದೂ ಇದನ್ನೇ: ಇದನ್ನು ಮಾಡಿದವರಿಗೆ ನಮ್ಮ ಮಳೆ ಗೊತ್ತಾ?

ಗೊತ್ತಿದ್ದವರೂ ಇದ್ದಾರೆ. 2015ರ ಜುಲೈಯಲ್ಲಿ ಮೊಟೊರೊಲಾದ ಮೂರನೇ ಮೋಟೋ ಜಿ ಫೋನ್ ಬಂತು. ನಮ್ಮಲ್ಲಿ ಬೆಲೆ 11,999 ರೂಪಾಯಿಯಿಂದ ಶುರು. ಆ ಬೆಲೆಗೆ ಐಪಿಎಕ್ಸ್7, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತೊಂದರೆ ಇಲ್ಲ. ಅಲ್ಲಿಯವರೆಗೆ ಈ ಸೌಲಭ್ಯ ಹೆಚ್ಚಾಗಿ ದುಬಾರಿ ಫೋನುಗಳಲ್ಲೇ ಇತ್ತು. ಹಿಂದಿನ ಮುಚ್ಚಳ ಸುತ್ತಲೂ ಸರಿಯಾಗಿ ಒತ್ತಿಕೊಂಡಿರಬೇಕು ಅನ್ನುವುದು ಒಂದೇ ಷರತ್ತು. ನಾನು ಪ್ರತಿ ಭಾನುವಾರ ಅಂಚನ್ನು ಬೆರಳಿನಿಂದ ಒತ್ತುತ್ತಾ ಬರುತ್ತಿದ್ದೆ. ಮೂರು ಮಳೆಗಾಲ ಕಂಡ ಫೋನ್ ಅದು. ಅದರ ಬಲಗಡೆ ಪುಟದಲ್ಲಿ ಬರೆದದ್ದು ಎರಡೇ ಸಾಲು.

ಈ ಐಪಿ ಅಂಕೆಯ ಬಗ್ಗೆ ಸ್ವಲ್ಪ ಹೇಳಬೇಕು, ನಮ್ಮ ಕಡೆ ತುಂಬಾ ಜನ ಇದನ್ನು ತಪ್ಪು ತಿಳಿದಿದ್ದಾರೆ. ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ಮೊದಲನೆಯ ಜಾಗದಲ್ಲಿ ಎಕ್ಸ್ ಇದ್ದರೆ ಧೂಳಿನ ಪರೀಕ್ಷೆಯ ಅಂಕೆ ಕೊಟ್ಟಿಲ್ಲ ಅಂತ. ಪರೀಕ್ಷೆ ನಡೆಯುವುದು ಲ್ಯಾಬಿನಲ್ಲಿ, ಹೊಸ ಫೋನಿನ ಮೇಲೆ, ಸಿಹಿ ನೀರಿನಲ್ಲಿ. ಕಡಲ ನೀರು ಅದರ ಲೆಕ್ಕಕ್ಕೇ ಬರುವುದಿಲ್ಲ. ಒಳಗಿನ ಅಂಟು, ರಬ್ಬರ್ ವರ್ಷ ಕಳೆದ ಹಾಗೆ ಸಡಿಲ ಆಗುತ್ತೆ. ಒಮ್ಮೆ ಸ್ಕ್ರೀನ್ ಬದಲಿಸಿದ ಫೋನಿಗೆ ಹಳೆಯ ಅಂಕೆಯನ್ನು ನಂಬಬೇಡಿ. ಐಪಿ68 ಉಂಟು ಅಂತ ಮಲ್ಪೆ ಬೀಚಿನಲ್ಲಿ ಅಲೆಯೊಳಗೆ ನಿಂತು ಫೋಟೋ ತೆಗೆಯುವವರನ್ನು ಕಂಡರೆ ನಾನು ಹೋಗಿ ಹೇಳಿಯೇ ಬರುತ್ತೇನೆ. ಕಡಲ ನೀರು ಬಿದ್ದೇಬಿಟ್ಟರೆ, ಫೋನ್ ನೀರು ತಡೆಯುವಂಥದ್ದಾಗಿದ್ದರೆ, ಕೂಡಲೇ ಸಿಹಿ ನೀರಿನಿಂದ ಮೆಲ್ಲಗೆ ತೊಳೆದು ಒರೆಸಿ. ಉಪ್ಪು ಅಲ್ಲೇ ಒಣಗಲು ಬಿಡಬೇಡಿ.

ಕಳೆದ ವರ್ಷ ಆಟಿ ತಿಂಗಳ (ಜುಲೈ-ಆಗಸ್ಟ್‌ನ ಜೋರು ಮಳೆಯ ತುಳು ತಿಂಗಳು) ಒಂದು ಬೆಳಿಗ್ಗೆ ಅಮ್ಮ ಕರೆದರು. "ಮಗಾ, ಇದೆಂತ ಚಾರ್ಜೇ ಆಗುದಿಲ್ವಲ್ಲ, ಏನೋ ಹಳದಿ ಗುರುತು ಬರ್ತಾ ಉಂಟು." ನೋಡಿದರೆ ಪೋರ್ಟಿನಲ್ಲಿ ತೇವ ಇದೆ ಅನ್ನುವ ಎಚ್ಚರಿಕೆ. ಅಮ್ಮ ಅದನ್ನು ಒಣಗಿಸಲು ಕುಚ್ಚಲಕ್ಕಿ ಡಬ್ಬಿಗೆ ಹಾಕಲು ಹೊರಟಿದ್ದರು. "ಬೇಡಮ್ಮ, ಅಕ್ಕಿಯ ಪುಡಿ ಒಳಗೆ ಸೇರ್ತದೆ" ಅಂದೆ. ಆಪಲ್ ಕೂಡ ತನ್ನ ಸೂಚನೆಯಲ್ಲಿ ಅಕ್ಕಿಗೆ ಹಾಕಬೇಡಿ ಅಂತಲೇ ಹೇಳಿದೆ. ನಾನು ಮಾಡಿದ್ದು ಇಷ್ಟೇ. ಪೋರ್ಟ್ ಕೆಳಗೆ ಬರುವ ಹಾಗೆ ಫೋನ್ ಹಿಡಿದು ಅಂಗೈಗೆ ನಾಲ್ಕು ಸಲ ಮೆಲ್ಲಗೆ ತಟ್ಟಿದೆ. ಒಂದು ಸಣ್ಣ ಹನಿ ಬಿತ್ತು. ಫ್ಯಾನಿನ ಕೆಳಗೆ ಒಂದು ಗಂಟೆ ನಿಲ್ಲಿಸಿ ಇಟ್ಟೆ. ಎಚ್ಚರಿಕೆ ಹೋಯಿತು.

ಆ ಎಚ್ಚರಿಕೆ ಬಂದಾಗ ಬೇರೆ ಚಾರ್ಜರ್ ಹಾಕಿ ನೋಡುವುದು, ಒತ್ತಾಯ ಮಾಡುವುದು ಬೇಡ. ಒದ್ದೆ ಪಿನ್ನಿನಲ್ಲಿ ಕರೆಂಟ್ ಹರಿದರೆ ಲೋಹ ಬೇಗ ಸವೆಯುತ್ತೆ. ಉಪ್ಪು ಇದ್ದರಂತೂ ಇನ್ನೂ ಬೇಗ. ನನ್ನ ಫೋನಿನ ಹಸಿರು ಕಿಲುಬು ಹುಟ್ಟಿದ್ದೂ ಹೀಗೇ. ರಾತ್ರಿ ಮಳೆಯಿಂದ ಬಂದವನು ಜೇಬಿನಿಂದ ತೆಗೆದು ಸೀದಾ ಚಾರ್ಜಿಗೆ ಹಾಕುತ್ತಿದ್ದೆ. ಈಗ ಮನೆಗೆ ಬಂದ ಮೇಲೆ ಅರ್ಧ ಗಂಟೆ ಚಾರ್ಜರ್ ಮುಟ್ಟುವುದಿಲ್ಲ. ತಿಂಗಳಿಗೊಮ್ಮೆ ಫೋನ್ ಆಫ್ ಮಾಡಿ, ಒಣ ಮೆತ್ತಗಿನ ಬ್ರಷ್‌ನಿಂದ ಪೋರ್ಟಿನ ಧೂಳು ತೆಗೆಯುತ್ತೇನೆ. ಸೂಜಿ, ಪಿನ್ನು ಹಾಕಿ ಕೆದಕಬೇಡಿ. ದಾರಿಯಲ್ಲಿ ಜೋರು ಮಳೆ ಬಂದರೆ ಬಂದರಿನವರ ಉಪಾಯವೇ ಉಪಾಯ: ಒಂದು ತೊಟ್ಟೆಯಲ್ಲಿ, ಅಂದರೆ ಪ್ಲಾಸ್ಟಿಕ್ ಚೀಲದಲ್ಲಿ, ಸುತ್ತಿ ಇಡುವುದು.

ಕ್ಯಾಮೆರಾ ಇರುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಲೆನ್ಸ್‌ಗೆ ಫಂಗಸ್ ಹಿಡಿಯುತ್ತೆ, ಗಾಜಿನ ಮೇಲೆ ಜೇಡರ ಬಲೆ ಹೆಣೆದ ಹಾಗೆ. ಬ್ಯಾಗಿನಲ್ಲಿ ಭದ್ರವಾಗಿ ಇಟ್ಟಷ್ಟೂ ಜಾಸ್ತಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಕಾಳು, ಒಂದು ಸಣ್ಣ ತೇವಾಂಶ ಮೀಟರ್, ಇಷ್ಟು ಸಾಕು. ಜುಲೈಯಲ್ಲಿ ನಮ್ಮ ಕೋಣೆಯೊಳಗೆ ಮೀಟರ್ ಶೇಕಡಾ 85ರ ಮೇಲೆ ತೋರಿಸುತ್ತೆ. ಡಬ್ಬಿಯೊಳಗೆ 45ರ ಸುತ್ತಮುತ್ತ ಇರಿಸುತ್ತೇನೆ. ಜೆಲ್‌ನ ಕಿತ್ತಳೆ ಕಾಳು ತೇವ ಹೀರಿ ಹಸಿರಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು.

2024ರ ಜನವರಿಯಲ್ಲಿ ಒನ್‌ಪ್ಲಸ್ 12 ಬಿಡುಗಡೆ ನೋಡುತ್ತಿದ್ದೆ. ಆಕ್ವಾ ಟಚ್ ಅಂತ ಒಂದು ವಿಷಯ ಬಂತು, ಒದ್ದೆ ಸ್ಕ್ರೀನಿನ ಮೇಲೂ ಬೆರಳು ಕೆಲಸ ಮಾಡುವ ಸೌಲಭ್ಯ. ಕುರ್ಚಿಯಿಂದ ಎದ್ದೇಬಿಟ್ಟೆ. ಮಳೆಯಲ್ಲಿ ಟಚ್ ಹುಚ್ಚು ಹಿಡಿದ ಹಾಗೆ ಆಡುವುದು ನಮಗೆಲ್ಲ ಗೊತ್ತು. ಹನಿಯನ್ನೂ ಸ್ಕ್ರೀನ್ ಬೆರಳು ಅಂದುಕೊಳ್ಳುತ್ತೆ. ಅದಕ್ಕೊಂದು ಪರಿಹಾರವನ್ನು ಯಾರೋ ವೇದಿಕೆ ಮೇಲೆ ನಿಂತು ಹೇಳಿದರು. ಜೂನ್‌ನಲ್ಲಿ ಗೆಳೆಯನ ಒನ್‌ಪ್ಲಸ್ 12 ತಗೊಂಡು ಉಡುಪಿಯ ಕಲ್ಸಂಕದಲ್ಲಿ ರಿಕ್ಷಾದವರಿಗೆ ಯುಪಿಐ ಮಾಡಿ ನೋಡಿದೆ. ಅರ್ಧ ನೆನೆದ ಸ್ಕ್ರೀನ್, ಮೇಲೆ ಹನಿ ಬೀಳುತ್ತಲೇ ಇತ್ತು. ಎರಡನೇ ಸಲಕ್ಕೆ ಪಿನ್ ಸರಿಯಾಗಿ ಒತ್ತಿತು. "ಬಂತು ಮಾರಾಯ್ರೆ" ಅಂದರು ರಿಕ್ಷಾದವರು. ನನಗೆ ಆದ ಸಂತೋಷ ಅವರಿಗೆ ಹೇಗೆ ಗೊತ್ತಾಗಬೇಕು!

ಈಗ ಅಮ್ಮನಿಗೆ ಹೊಸ ಫೋನ್ ಬೇಕು. ಮೊನ್ನೆ ಬಿಡುಗಡೆಯಾದ ಮೂರು ಫೋನುಗಳ ಎಡಗಡೆ ಪುಟ ತುಂಬಿದೆ. ಓದುವಾಗ ಆಸೆ ಆಗುತ್ತೆ. ಆದರೆ ತೆಗೆದುಕೊಳ್ಳುವುದು ಹೋದ ವರ್ಷ ಬಂದ ಮಾಡೆಲ್. ಪಕ್ಕದ ಮನೆಯ ಹುಡುಗ ಬೋಟಿಗೆ ಹೋಗುವವನು, ಅವನ ಹತ್ತಿರ ಅದೇ ಇದೆ. ಒಂದು ವರ್ಷದಿಂದ ಉಪ್ಪುಗಾಳಿಯಲ್ಲೇ ಓಡಾಡಿದೆ. ನಿನ್ನೆ ಸಂಜೆ ಅವನ ಜಗಲಿಯಲ್ಲಿ ಕೂತು, ಅಪ್ಪನ 1100ರ ಟಾರ್ಚ್ ಹಾಕಿ ಪೋರ್ಟಿನ ಒಳಗೆ ನೋಡಿದೆ. ಪಿನ್ನುಗಳು ಹೊಳೆಯುತ್ತಿದ್ದವು.