ಕಡ್ಲೆಕಾಯಿ ಕಮ್ಮಿ ಮಾಡಿದೆ, ಲೆಕ್ಕ ಕೂಡಿಬಂತು

"ನಾಲ್ಕು ಎಕರೆಗೆ ಕಡ್ಲೆಕಾಯಿ ಹಾಕದೆ ಬಿಟ್ಟಿದ್ದೀಯಲ್ಲ, ತಲೆ ಕೆಟ್ಟಿದೆಯೇನೋ?" ಅಂತ ಆವತ್ತು ಭಾವ ಬೈದಿದ್ದರು. ಮೊನ್ನೆ ಅವರೇ ಬಂದು ನಾಲ್ಕು ಹೆಣ್ಣು ಕುರಿಮರಿ ಕೇಳಿದರು. ಅದಕ್ಕೇ ಬರೀತಿದ್ದೇನೆ.

ನಮ್ಮದು ಪಾವಗಡ ತಾಲ್ಲೂಕು, ಏಳು ಎಕರೆ ಕೆಂಪು ಮಣ್ಣು. ತಿರುಮಣಿ ಕಡೆಯವರು ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟು ಎಕರೆಗೆ ವರ್ಷಕ್ಕೆ 21,000 ಗುತ್ತಿಗೆ ಎಣಿಸುವಾಗ ನನಗೂ ಹೊಟ್ಟೆ ಉರಿದಿತ್ತು. ನಮ್ಮ ಹೊಲ ಅದರೊಳಗೆ ಬರಲಿಲ್ಲ. ಆದರೆ ನನ್ನ ಎಕರೆ ಎಷ್ಟು ಕೊಡ್ತಿದೆ ಅನ್ನೋ ಪ್ರಶ್ನೆ ತಲೆಗೆ ಹೊಕ್ಕಿತು. ಗೋಡೆ ಕ್ಯಾಲೆಂಡರಿನಲ್ಲೇ ಖರ್ಚು ಬರೆಯತೊಡಗಿದೆ.

ಅದು 2018, ಬರ. ಕಡ್ಲೆಕಾಯಿಗೆ ಬೀಜ, ಟ್ರಾಕ್ಟರ್, ಕಳೆ, ಕೀಳೋ ಕೂಲಿ ಸೇರಿ ಎಕರೆಗೆ ಹದಿನೈದು ಸಾವಿರದ ಹತ್ತಿರ ಹೋಯ್ತು. ಬಂದಿದ್ದು ಎಕರೆಗೆ ಎರಡು ಮೂಟೆ, ಅರ್ಧ ಜೊಳ್ಳು. ಅದಕ್ಕೂ ಮುಂಚೆ ಎರಡು ಬೋರು ಕೊರೆಸಿದ್ದೆ. ಎರಡರಲ್ಲೂ ಧೂಳು, ಎರಡು ಲಕ್ಷ ಮಣ್ಣುಪಾಲು. ಬೆಂಗಳೂರಿಂದ ಮಗ ತಿಂಗಳಿಗೆ ಕಳಿಸುತ್ತಿದ್ದ ನಾಲ್ಕು ಸಾವಿರದಲ್ಲೇ ಮನೆ ನಡೀತಿತ್ತು. ಕ್ಯಾಲೆಂಡರ್ ತಿರುವಿದರೆ, ಅದರಲ್ಲೂ ಅರ್ಧ ಬಿತ್ತನೆ ಬೀಜಕ್ಕೇ ಹೋಗಿತ್ತು!

ಮಿಕ್ಕಿದ್ದು ಕಡ್ಲೆ ಬಳ್ಳಿ. ಅದನ್ನು ತಿನ್ನೋಕೆ ಹನ್ನೆರಡು ಕುರಿ ತಂದೆ. ಲಸಿಕೆ ಆಮೇಲೆ ಹಾಕಿಸಿದರಾಯ್ತು ಅಂತ ಸುಮ್ನೆ ಕೂತೆ. ಮಳೆ ಹಿಡಿದ ಮೇಲೆ ನೀಲಿ ನಾಲಿಗೆ ರೋಗ ಬಂತು. ಬಾಯಿ ಊದಿ, ಜೊಲ್ಲು ಸುರಿಸುತ್ತಾ, ಕುಂಟುತ್ತಾ ಏಳು ಸತ್ತವು. ನಮ್ಮನೆಯವರು ಎರಡು ದಿನ ಮಾತಾಡಲಿಲ್ಲ. ಉಳಿದ ಐದರಿಂದಲೇ ಮತ್ತೆ ಮಂದೆ ಕಟ್ಟಿದ್ದು.

ಈಗ ಕಡ್ಲೆಕಾಯಿ ಮೂರೇ ಎಕರೆ, ಸಾಲುಗಳ ನಡುವೆ ತೊಗರಿ ಅಕ್ಕಡಿ. ಬೀಜ ಮನೆಯದೇ. ಉಳಿದದ್ದರಲ್ಲಿ ಸಜ್ಜೆ, ಹುರುಳಿ, ಸ್ವಲ್ಪ ಬೀಳು. ರಾತ್ರಿ ಮಂದೆಯನ್ನು ಹೊಲದಲ್ಲೇ ಜಾಗ ಬದಲಿಸುತ್ತಾ ನಿಲ್ಲಿಸುತ್ತೇನೆ, ಗೊಬ್ಬರದ ಮೂಟೆ ತಂದು ಮೂರು ವರ್ಷವಾಯ್ತು.

ನಡುವೆ ನವಣೆಯ ಹುಚ್ಚೂ ಹಿಡಿದಿತ್ತು. ಊರಲ್ಲಿ ನಾನೊಬ್ಬನೇ ಬಿತ್ತಿದ್ದು. ಸುತ್ತಲ ಹಕ್ಕಿಗಳಿಗೆಲ್ಲ ನಮ್ಮದೇ ಹೊಲ ಛತ್ರ. ತಟ್ಟೆ ಬಡಿದು ಬಡಿದು ಕೈ ಸೋತು ಹೋಯ್ತು. ನಾಲ್ಕೈದು ಜನ ಸೇರಿ ಬಿತ್ತುವುದಾದರೆ ಮಾತ್ರ ಮತ್ತೆ ಕೈ ಹಾಕ್ತೇನೆ.

ಬದುವಿನ ಹನ್ನೊಂದು ಹುಣಸೆ ಮರವನ್ನು ಮೊದಲು ಮರದ ಮೇಲೇ ಗುತ್ತಿಗೆಗೆ ಕೊಟ್ಟು ಹನ್ನೆರಡು ಸಾವಿರ ತಗೊಂಡು ಸುಮ್ಮನಾಗ್ತಿದ್ದೆ. ಈಗ ಬೇಸಿಗೆಯಲ್ಲಿ ಜಗಲಿ ಮೇಲೆ ಕೂತು ನಾವೇ ಸಿಪ್ಪೆ, ನಾರು, ಬೀಜ ತೆಗೆದು ತುಮಕೂರು ಮಾರುಕಟ್ಟೆಗೆ ಹಾಕ್ತೇವೆ. ಹಣ್ಣು ಕಪ್ಪಾಗದ ಹಾಗೆ ಇಡೋಕೆ ಒಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ.

ಕಳೆದ ವರ್ಷ ಕುರಿಯಿಂದ ಲಕ್ಷದ ಹತ್ತಿರ, ಹುಣಸೆಗೆ ಐವತ್ತು ಸಾವಿರದ ಮೇಲೆ, ತೊಗರಿಗೆ ಇಪ್ಪತ್ತು. ಕಡ್ಲೆಕಾಯಿ ಖರ್ಚು ಕಳೆದು ಹದಿನೈದು. ಎಕರೆಗೆ ಹಾಕಿದರೆ 26,000 ದಾಟುತ್ತೆ. ನಮ್ಮಿಬ್ಬರ ಕೂಲಿ ಹಿಡಿದಿಲ್ಲ, ಸೋಲಾರ್ ಗುತ್ತಿಗೆಯೂ ಎರಡು ವರ್ಷಕ್ಕೊಮ್ಮೆ ಶೇ. 5 ಏರುತ್ತೆ ಅನ್ನೋದು ಬೇರೆ ಮಾತು. ಮಗನ ದುಡ್ಡು ಮಾತ್ರ ಈಗ ಅವನ ಖಾತೆಯಲ್ಲೇ ಇದೆ.

ಭಾವನಿಗೆ ಮರಿ ಕೊಟ್ಟೆ. ಒಂದೊಂದಕ್ಕೆ ಐನೂರು ಬಿಟ್ಟೆ, ಸಂಬಂಧ ಅಲ್ವಾ! ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸಿ ಅಂತ ಮೂರು ಸಲ ಹೇಳಿದ್ದೇನೆ. ಟಗರು ಮರಿ ಯಾವ ವಾರ ಸಂತೆಗೆ ಹೊಡೀತೀನಿ ಅನ್ನೋದನ್ನು ಮಾತ್ರ ಹೇಳಿಲ್ಲ.