ಹೈಸ್ಕೂಲ್ ಮಕ್ಕಳ ಇಂಗ್ಲಿಷ್ ಬರವಣಿಗೆ: ರಫ್ ಪ್ರತಿಗೂ ಫೇರ್ ಪ್ರತಿಗೂ ಅಂಕ ಕೊಡುವ ಕ್ರಮ

ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಕಲಿಸುವ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಎಸ್‌ಎಸ್‌ಎಲ್‌ಸಿಯಲ್ಲಿ ಈ ವಿಷಯಕ್ಕೆ 80 ಅಂಕಗಳ ಲಿಖಿತ ಪರೀಕ್ಷೆ ಮತ್ತು 20 ಅಂಕಗಳ ಆಂತರಿಕ ಮೌಲ್ಯಮಾಪನ ಇವೆ. ಲಿಖಿತ ಪರೀಕ್ಷೆಯಲ್ಲಿ ಪತ್ರ, ಪ್ರಬಂಧ, ಚಿತ್ರ ವಿವರಣೆ, ವ್ಯಕ್ತಿ ಪರಿಚಯ ಮುಂತಾದ ರೂಪಗಳಲ್ಲಿ ಮಕ್ಕಳಿಂದ ಬರೆಸುತ್ತಾರಾದರೂ, ಮೌಲ್ಯಮಾಪಕರ ಕೈಗೆ ಬರುವುದು ಒಂದೇ ಪ್ರತಿ. ಅದನ್ನು ಬರೆದ ಮಗು ತನ್ನ ಬರಹವನ್ನು ಮತ್ತೊಮ್ಮೆ ಓದಿ ಉತ್ತಮಪಡಿಸಬಲ್ಲುದೇ ಎಂಬುದು ಅಲ್ಲಿ ಕಾಣುವುದಿಲ್ಲ. ಅದನ್ನು ನೋಡಲು ಅವಕಾಶವಿರುವುದು ಕಲಿಕೆಯ ಜೊತೆಜೊತೆಗೇ ಶಾಲೆಯಲ್ಲಿ ನಡೆಯುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ (ಎಫ್‌ಎ) ಮಾತ್ರ. ಆದ್ದರಿಂದ ವರ್ಷದ ಎಫ್‌ಎ ಚಟುವಟಿಕೆಗಳಲ್ಲಿ ಕನಿಷ್ಠ ಎರಡನ್ನಾದರೂ, ಮಗು ಮೊದಲು ಬರೆದ ಪ್ರತಿ ಮತ್ತು ಪರಿಷ್ಕರಿಸಿದ ಪ್ರತಿ ಎರಡನ್ನೂ ಒಟ್ಟಿಗಿಟ್ಟು ನೋಡುವುದಕ್ಕೆ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ.

ಏನನ್ನು ಅಳೆಯುತ್ತಿದ್ದೇವೆ?

ತಪ್ಪು ತಿದ್ದುವುದು ಬೇರೆ, ಬರಹವನ್ನು ಪರಿಷ್ಕರಿಸುವುದು ಬೇರೆ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ಯಾರಾವನ್ನು ಕೊಟ್ಟು, ಅದರಲ್ಲಿರುವ ತಪ್ಪುಗಳನ್ನು ಸರಿಪಡಿಸಿ ಮತ್ತೆ ಬರೆಯಿರಿ ಎಂದು ಕೇಳುವ ಪ್ರಶ್ನೆಯನ್ನು ನೀವೆಲ್ಲ ಕಂಡಿದ್ದೀರಿ. ಆದರೆ ಅಲ್ಲಿ ‘ದೊಡ್ಡಕ್ಷರ ಬಳಸಬೇಕು’, ‘ಪ್ರಿಪೊಸಿಷನ್ ಸರಿಪಡಿಸಬೇಕು’ ಎಂಬಂಥ ಸುಳಿವುಗಳನ್ನು ಮೊದಲೇ ಕೊಟ್ಟಿರುತ್ತಾರೆ. ಹಾಗಾಗಿ ಮಗು ತಪ್ಪನ್ನು ತಾನಾಗಿ ಕಂಡುಹಿಡಿಯಬಲ್ಲುದೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಇಂಥ ತಪ್ಪು ಇದೆ ಎಂದ ಮೇಲೆ ಅದನ್ನು ಹುಡುಕಿ ಸರಿಪಡಿಸಬಲ್ಲುದೇ ಎಂಬುದಷ್ಟೇ ಗೊತ್ತಾಗುತ್ತದೆ. ತನ್ನದೇ ಬರಹದ ಮುಂದೆ ಕುಳಿತ ಮಗುವಿಗೆ ಯಾರೂ ಸುಳಿವು ಕೊಡುವುದಿಲ್ಲ.

ಈ ಅಂತರವನ್ನು ತುಂಬಲು ಎಂಟನೇ ತರಗತಿಯಿಂದಲೇ ಮೂರು ಹಂತಗಳಲ್ಲಿ ಅಭ್ಯಾಸ ಕೊಡಬಹುದು. ಮೊದಲು ಸುಳಿವಿರುವ ಪ್ಯಾರಾ; ಆಮೇಲೆ ತಪ್ಪುಗಳ ಸಂಖ್ಯೆಯನ್ನು ಮಾತ್ರ ಹೇಳಿದ ಪ್ಯಾರಾ; ಕೊನೆಗೆ ಏನನ್ನೂ ಹೇಳದ ಪ್ಯಾರಾ. ಕೊನೆಯ ಹಂತದಲ್ಲಿ ವ್ಯಾಕರಣದ ತಪ್ಪುಗಳ ಜೊತೆಗೆ ವಿಷಯಕ್ಕೆ ಸಂಬಂಧಿಸದ ಒಂದು ವಾಕ್ಯವನ್ನು ಸೇರಿಸಿರಿ, ಎರಡು ವಾಕ್ಯಗಳ ಕ್ರಮವನ್ನು ಅದಲುಬದಲು ಮಾಡಿರಿ, ಓದುಗನಿಗೆ ಅಗತ್ಯವಾದ ಒಂದು ಮಾಹಿತಿಯನ್ನು ಬಿಟ್ಟುಬಿಡಿರಿ. ಸಂಪೂರ್ಣ ಸರಿಯಾಗಿದ್ದರೂ ಸ್ವಲ್ಪ ಉದ್ದವಾಗಿ, ಅಪರಿಚಿತವಾಗಿ ಕಾಣುವ ಒಂದು ವಾಕ್ಯವೂ ಅದರಲ್ಲಿರಲಿ. ಸರಿಯಾದದ್ದನ್ನು ಕೆಡಿಸುವ ಮಕ್ಕಳು ಎಷ್ಟು ಮಂದಿ ಎಂಬುದು ತಿಳಿದರೆ, ಅವರು ಅರ್ಥ ಮಾಡಿಕೊಂಡು ತಿದ್ದುತ್ತಿದ್ದಾರೆಯೋ ಊಹೆಯ ಮೇಲೆ ತಿದ್ದುತ್ತಿದ್ದಾರೆಯೋ ಎಂಬುದು ಸ್ಪಷ್ಟವಾಗುತ್ತದೆ.

ಯಾವ ವಿಷಯದ ಮೇಲೆ ಬರೆಸಬೇಕು?

ಗೈಡಿನಲ್ಲಿ ಸಿಗುವ ಶೀರ್ಷಿಕೆಯನ್ನು ಕೊಟ್ಟರೆ ಗೈಡಿನ ಪ್ರಬಂಧವೇ ಬರುತ್ತದೆ. ಪರಿಸರ ಮಾಲಿನ್ಯದ ಬಗ್ಗೆ ಬಾಯಿಪಾಠ ಮಾಡಿ ಒಪ್ಪಿಸಿದ ಒಂದು ಪುಟ ನೆನಪಿನ ಶಕ್ತಿಯ ಪರೀಕ್ಷೆಯೇ ಹೊರತು ಬರವಣಿಗೆಯದ್ದಲ್ಲ, ಮತ್ತು ಅದನ್ನು ಪರಿಷ್ಕರಿಸು ಎಂದರೆ ಮಗುವಿಗೆ ಮಾಡಲು ಏನೂ ಇರುವುದಿಲ್ಲ. ಆದ್ದರಿಂದ ಮಗುವಿಗೆ ಮಾತ್ರ ಗೊತ್ತಿರುವ, ಓದುಗನಿಗೆ ಗೊತ್ತಿಲ್ಲದ ವಿಷಯವನ್ನು ಆರಿಸಿರಿ, ಓದುಗ ಯಾರೆಂಬುದನ್ನೂ ಪ್ರಶ್ನೆಯಲ್ಲೇ ಹೇಳಿರಿ. ‘ನಿಮ್ಮ ಊರಿನ ಜಾತ್ರೆಯಲ್ಲಿ ನೀವು ಕಂಡ ಒಂದು ಘಟನೆಯನ್ನು, ಆ ಊರನ್ನೇ ನೋಡದ ಗೆಳೆಯನಿಗೆ ತಿಳಿಸಿರಿ’ ಎಂಬುದು ‘ನಮ್ಮೂರ ಜಾತ್ರೆ’ ಎಂಬುದಕ್ಕಿಂತ ಎಷ್ಟೋ ಉತ್ತಮವಾದ ಪ್ರಶ್ನೆ. ಎಂಬತ್ತರಿಂದ ನೂರು ಪದಗಳು ಸಾಕು.

ಬರೆಸುವುದಕ್ಕೆ ಎರಡು ಪೀರಿಯಡ್‌ಗಳು ಬೇಕು, ಅವುಗಳ ನಡುವೆ ಕನಿಷ್ಠ ಒಂದು ದಿನದ ಅಂತರವಿರಬೇಕು. ಮೊದಲ ದಿನ ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯಲು ಹೇಳಿರಿ. ಖಾಲಿ ಗೆರೆಗಳೇ ಮುಂದೆ ಪರಿಷ್ಕರಣೆಯ ಜಾಗವಾಗುತ್ತವೆ. ರಫ್ ಪ್ರತಿಯಲ್ಲಿ ರಬ್ಬರ್ ಬಳಸಬಾರದು, ಹೊಡೆದುಹಾಕಿದ್ದು ಓದಲು ಬರುವಂತಿರಬೇಕು. ಅಚ್ಚುಕಟ್ಟಾಗಿರಬೇಕೆಂದು ಬಾಲ್ಯದಿಂದ ಕೇಳುತ್ತ ಬಂದ ಮಕ್ಕಳಿಗೆ ಈ ಸೂಚನೆ ವಿಚಿತ್ರವಾಗಿ ತೋರುವುದರಿಂದ, ಅದನ್ನು ಎರಡು ಮೂರು ಬಾರಿ ಹೇಳಬೇಕಾದೀತು.

ನಡುವಿನ ದಿನ ಶಿಕ್ಷಕರು ಮಾಡಬೇಕಾದದ್ದು

ಕೆಂಪು ಪೆನ್ನಿನಿಂದ ಪ್ರತಿಯೊಂದು ತಪ್ಪನ್ನೂ ತಿದ್ದಿ ಕೊಟ್ಟರೆ ಎರಡನೆಯ ಪ್ರತಿ ನಿಮ್ಮದಾಗುತ್ತದೆ, ಮಗುವಿನದಲ್ಲ. ಬದಲಿಗೆ ತಪ್ಪಿರುವ ಗೆರೆಯ ಪಕ್ಕದಲ್ಲಿ ಒಂದು ಗುರುತು ಹಾಕಿರಿ: ಕಾಲಕ್ಕೆ ಒಂದು, ಕಾಗುಣಿತಕ್ಕೆ ಒಂದು, ಬಿಟ್ಟುಹೋದ ಪದಕ್ಕೆ ಒಂದು. ಜೊತೆಗೆ ಪುಟದ ಕೆಳಗೆ ವಿಷಯದ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನು ಬರೆಯಿರಿ. ‘ಆಮೇಲೆ ಏನಾಯಿತು?’, ‘ಈ ಮಾಮ ಯಾರು?’ ಎಂಬಷ್ಟು ಸರಳವಾದ ಪ್ರಶ್ನೆ ಸಾಕು, ಕನ್ನಡದಲ್ಲೇ ಇದ್ದರೂ ತೊಂದರೆಯಿಲ್ಲ. ಐವತ್ತು ಅರವತ್ತು ಮಕ್ಕಳ ತರಗತಿಯಲ್ಲಿ ಇಷ್ಟನ್ನೂ ಮಾಡಲಾಗದಿದ್ದರೆ, ಈ ಪ್ರಶ್ನೆಯನ್ನು ಪಕ್ಕದಲ್ಲಿ ಕೂರುವ ಸಹಪಾಠಿಯಿಂದ ಬರೆಸಿರಿ. ಸಹಪಾಠಿ ವ್ಯಾಕರಣ ತಿದ್ದುವುದು ಮಾತ್ರ ಬೇಡ, ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುತ್ತದೆ.

ಅಂಕಗಳ ಹಂಚಿಕೆ

20 ಅಂಕಗಳ ಚಟುವಟಿಕೆಯೆಂದು ಇಟ್ಟುಕೊಂಡರೆ, ವಿಷಯಕ್ಕೆ 5, ವಾಕ್ಯಗಳ ಜೋಡಣೆಗೆ 4, ಭಾಷೆಗೆ 4, ಕಾಗುಣಿತ ಮತ್ತು ಚಿಹ್ನೆಗಳಿಗೆ 2, ಪರಿಷ್ಕರಣೆಗೆ 5 ಎಂದು ಹಂಚಬಹುದು. ಮೊದಲ ನಾಲ್ಕನ್ನು ಫೇರ್ ಪ್ರತಿಯಿಂದ ಕೊಡಿರಿ. ಕೊನೆಯದನ್ನು ಎರಡೂ ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಕೊಡಿರಿ. ಈ ಕೊನೆಯ ಐದು ಅಂಕಗಳ ಬಗ್ಗೆಯೇ ಹೆಚ್ಚು ಹೇಳಬೇಕಾಗಿದೆ.

ಒಂದು ಮಗು ರಫ್ ಪ್ರತಿಯಲ್ಲಿ ‘ವಿ ಗೋ ಟು ಜಾತ್ರೆ. ಜಾತ್ರೆ ಈಸ್ ವೆರಿ ನೈಸ್. ವಿ ಎಂಜಾಯ್’ ಎಂದು ಬರೆದಿದೆ ಎನ್ನಿ. ಫೇರ್ ಪ್ರತಿಯಲ್ಲಿ ಅದು ‘ಗೋ’ ಇದ್ದಲ್ಲಿ ‘ವೆಂಟ್’, ‘ಎಂಜಾಯ್’ ಇದ್ದಲ್ಲಿ ‘ಎಂಜಾಯ್ಡ್’ ಎಂದು ಬದಲಾಯಿಸಿದರೆ ತಿದ್ದುವಿಕೆ ಆಯಿತು, 2 ಅಂಕ ಕೊಡಬಹುದು. ಇನ್ನೊಂದು ಮಗು ಅದೇ ಮೂರು ವಾಕ್ಯಗಳಿಂದ ಹೊರಟು, ‘ಜಾತ್ರೆ ಈಸ್ ವೆರಿ ನೈಸ್’ ಎಂಬುದನ್ನು ಹೊಡೆದುಹಾಕಿ, ಆ ಜಾಗದಲ್ಲಿ ‘ಮೈ ಗ್ರ್ಯಾಂಡ್‌ಮದರ್ ಫೈಟ್ ವಿತ್ ಬ್ಯಾಂಗಲ್ ಸೆಲ್ಲರ್ ಫಾರ್ ಟೆನ್ ರುಪೀಸ್’ ಎಂದು ಬರೆದರೆ, ಕ್ರಿಯಾಪದ ತಪ್ಪಿದ್ದರೂ, ಆರ್ಟಿಕಲ್ ಬಿಟ್ಟುಹೋಗಿದ್ದರೂ, ಪರಿಷ್ಕರಣೆಗೆ 4 ಅಂಕ ಕೊಡಲು ಹಿಂಜರಿಯಬೇಡಿ. ಯಾವ ವಾಕ್ಯ ಏನನ್ನೂ ಹೇಳುತ್ತಿಲ್ಲ ಎಂಬುದನ್ನು ಆ ಮಗು ತಾನೇ ಕಂಡುಕೊಂಡಿದೆ. ತಪ್ಪಿದ ಕ್ರಿಯಾಪದಕ್ಕೆ ಭಾಷೆಯ ಕಾಲಂನಲ್ಲಿ ಅಂಕ ಕಳೆದೇ ಇರುತ್ತೀರಿ, ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಬೇಡ. ಬರೀ ದುಂಡಗೆ ನಕಲು ಮಾಡಿದ ಫೇರ್ ಪ್ರತಿಗೆ ಈ ಕಾಲಂನಲ್ಲಿ ಸೊನ್ನೆಯೇ ಸರಿ, ಅಕ್ಷರ ಎಷ್ಟೇ ಚೆನ್ನಾಗಿರಲಿ. ಮೊದಲ ಪ್ರತಿಯೇ ಉತ್ತಮವಾಗಿದ್ದು ತಿದ್ದಲು ಹೆಚ್ಚೇನೂ ಇಲ್ಲದ ಮಗುವಿಗೆ ಅನ್ಯಾಯವಾಗಬಾರದು. ಅಂಥವರಿಗೆ ‘ಇದನ್ನು ಇಪ್ಪತ್ತು ಪದ ಕಡಿಮೆ ಮಾಡು’ ಎಂಬ ಬೇರೆ ಕೆಲಸ ಕೊಟ್ಟು ನೋಡಬಹುದು.

ಕನ್ನಡದಿಂದ ಬರುವ ತಪ್ಪುಗಳು

ಭಾಷೆಗೆ ಅಂಕ ಕೊಡುವಾಗ ಎಲ್ಲ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕನ್ನಡದಲ್ಲಿ ‘ಎ’, ‘ಆನ್’, ‘ದಿ’ಗಳಿಗೆ ಸಮನಾದ ವ್ಯವಸ್ಥೆ ಇಲ್ಲದಿರುವುದರಿಂದ ಆರ್ಟಿಕಲ್ ಬಿಟ್ಟುಹೋಗುವುದು ಸಹಜ, ಅದು ಹತ್ತನೇ ತರಗತಿಯವರೆಗೂ ಉಳಿಯುತ್ತದೆ. ಕನ್ನಡದ ಕ್ರಿಯಾಪದವೇ ಕರ್ತೃವನ್ನು ಸೂಚಿಸುವುದರಿಂದ ಮಕ್ಕಳು ‘ವೆಂಟ್ ಟು ಮೈಸೂರು’ ಎಂದು ಕರ್ತೃವಿಲ್ಲದೆ ಬರೆಯುತ್ತಾರೆ. ‘ಸಣ್ಣ ಸಣ್ಣ ಮಕ್ಕಳು’ ಎಂಬುದು ‘ಸ್ಮಾಲ್ ಸ್ಮಾಲ್ ಚಿಲ್ಡ್ರನ್’ ಆಗುತ್ತದೆ. ಇವು ಅರ್ಥವನ್ನು ಕೆಡಿಸುವುದಿಲ್ಲ. ಆದರೆ ಹಿಂದೆ ನಡೆದದ್ದು ಯಾವುದು, ಈಗ ನಡೆಯುತ್ತಿರುವುದು ಯಾವುದು ಎಂದು ಓದುಗನಿಗೆ ತಿಳಿಯದಂತೆ ಕಾಲಗಳು ಕಲಸಿಹೋಗಿದ್ದರೆ, ‘ಅವನು’ ಯಾರೆಂದು ಗೊತ್ತಾಗದಿದ್ದರೆ, ಅದು ಗಂಭೀರ ತಪ್ಪು. ಒಂದೇ ಬಗೆಯ ತಪ್ಪು ಹತ್ತು ಸಲ ಬಂದರೂ ಅದನ್ನು ಒಂದೆಂದೇ ಎಣಿಸುವುದು ಒಳ್ಳೆಯದು.

ಎಲ್ಲರಿಗೂ ಒಂದೇ ಅಳತೆ

ಇಬ್ಬರು ಶಿಕ್ಷಕರಿರುವ ಶಾಲೆಯಲ್ಲಿ, ಹೆಸರು ಮುಚ್ಚಿದ ಹತ್ತು ಪ್ರತಿಗಳನ್ನು ಇಬ್ಬರೂ ಪ್ರತ್ಯೇಕವಾಗಿ ನೋಡಿ, ಅಂಕಗಳಲ್ಲಿ ದೊಡ್ಡ ವ್ಯತ್ಯಾಸ ಬಂದ ಪ್ರತಿಗಳ ಬಗ್ಗೆ ಕುಳಿತು ಮಾತಾಡಿದ ಮೇಲೆಯೇ ಉಳಿದವನ್ನು ಕೈಗೆತ್ತಿಕೊಳ್ಳಬೇಕು. ಒಬ್ಬರೇ ಇದ್ದರೆ, ಮೊದಲ ಐದು ಪ್ರತಿಗಳನ್ನು ಕೊನೆಯಲ್ಲಿ ಇನ್ನೊಮ್ಮೆ ನೋಡಿರಿ. ಕಟ್ಟಿನ ಆರಂಭದಲ್ಲಿರುವ ಬಿಗಿ ಕೊನೆಯ ಹೊತ್ತಿಗೆ ಸಡಿಲವಾಗಿರುವುದು, ಕೆಲವೊಮ್ಮೆ ದಣಿವಿನಿಂದ ಇನ್ನಷ್ಟು ಬಿಗಿಯಾಗಿರುವುದು ಆಗ ಕಾಣುತ್ತದೆ. ಒಂದು ಪ್ರತಿಯನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗುವ ಬದಲು, ಎಲ್ಲ ಪ್ರತಿಗಳಲ್ಲೂ ಮೊದಲು ವಿಷಯವನ್ನು, ಆಮೇಲೆ ಭಾಷೆಯನ್ನು ನೋಡಿದರೆ ಕೈಬರಹದ ಅಂದ ಅಂಕಗಳ ಮೇಲೆ ಬೀರುವ ಪ್ರಭಾವ ಬಹಳ ಕಡಿಮೆಯಾಗುತ್ತದೆ.

ಅಂಕವಹಿಯಲ್ಲಿ ಒಟ್ಟು ಅಂಕವನ್ನು ಮಾತ್ರ ದಾಖಲಿಸದೆ ಐದು ಕಾಲಂಗಳನ್ನೂ ಬಿಡಿಯಾಗಿ ಬರೆದಿಡಿ, ಎರಡೂ ಪ್ರತಿಗಳನ್ನು ಪಿನ್ ಮಾಡಿ ಮಗುವಿನ ಕಡತಕ್ಕೆ ಸೇರಿಸಿರಿ. ಮುಂದಿನ ಎಫ್‌ಎ ಸಮಯದಲ್ಲಿ ಹೊಸ ವಿಷಯ ಕೊಡುವ ಮುನ್ನ ಆ ಹಳೆಯ ಪ್ರತಿಗಳನ್ನು ಮಕ್ಕಳ ಕೈಗೆ ಕೊಟ್ಟು, ಕಳೆದ ಸಲ ತಾವು ಮಾಡಿದ ಬದಲಾವಣೆಗಳಲ್ಲಿ ಯಾವುದರಿಂದ ಬರಹ ಉತ್ತಮವಾಯಿತು ಎಂಬುದನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಎರಡು ಸಾಲಿನಲ್ಲಿ ಬರೆಯಲು ಹೇಳಿರಿ. ಈ ಎರಡು ಸಾಲುಗಳಿಗೆ ಅಂಕ ಕೊಡುವ ಅಗತ್ಯವಿಲ್ಲ.